ಸ್ಟೀಲ್ ಬ್ರೇಕ್ ಹೋಸ್ ಹಾಕಿಸಿದರೆ ಬೈಕ್ ಅರ್ಧ ದೂರಕ್ಕೇ ನಿಲ್ಲುತ್ತದೆಯೇ? ಪ್ಯಾಸ್ಕಲ್ ಬದುಕು ಹೇಳುವ ಉತ್ತರ

ಬೈಕಿನ ರಬ್ಬರ್ ಬ್ರೇಕ್ ಹೋಸ್ ತೆಗೆಸಿ ಸ್ಟೀಲ್ ಹೆಣಿಗೆಯ ಹೋಸ್ ಹಾಕಿಸಿದರೆ ಬ್ರೇಕಿನ ಬಲ ದುಪ್ಪಟ್ಟಾಗುತ್ತದೆ, ಗಾಡಿ ಅರ್ಧ ದೂರಕ್ಕೇ ನಿಲ್ಲುತ್ತದೆ ಎಂಬ ಮಾತು ಬೈಕ್ ಗುಂಪುಗಳಲ್ಲಿ ಕೇಳಿಬರುತ್ತದೆ. ಇದನ್ನು ನಂಬಿ ಮಳೆಯಲ್ಲಿ ಹೊಸಕೆರೆಹಳ್ಳಿಯ ರಿಂಗ್ ರಸ್ತೆಯಲ್ಲಿ ಬಸ್ಸಿನ ಹಿಂದೆಯೇ ಅಂಟಿಕೊಂಡು ಹೋದರೆ ಜೀವಕ್ಕೇ ಅಪಾಯ. ನಿಜ ತಿಳಿಯಲು ನಾವು ಬ್ಲೇಸ್ ಪ್ಯಾಸ್ಕಲ್ ಅವರ ಕಥೆ ನೋಡೋಣ. ಡಿಸ್ಕ್ ಬ್ರೇಕ್ ಕೆಲಸ ಮಾಡುವುದು ಅವರು ವಿವರಿಸಿದ ನಿಯಮದಿಂದಲೇ.

ಯಾರು ಈ ಪ್ಯಾಸ್ಕಲ್?

1623ರ ಜೂನ್ 19ರಂದು ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಜನನ. ಮೂರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಶಾಲೆಗೆ ಹೋಗಲಿಲ್ಲ, ತಂದೆಯೇ ಪಾಠ ಹೇಳಿದರು. ತೆರಿಗೆ ಅಧಿಕಾರಿಯಾಗಿದ್ದ ತಂದೆಯ ಲೆಕ್ಕದ ಹೊರೆ ಇಳಿಸಲು, 1642ರಲ್ಲಿ 19ನೇ ವಯಸ್ಸಿನ ಮಗ ಹಲ್ಲುಚಕ್ರಗಳಿಂದ ಕೂಡುವ, ಕಳೆಯುವ ಯಂತ್ರದ ಕೆಲಸ ಶುರುಮಾಡಿದರು.

ಗಾಳಿಗೂ ತೂಕವಿದೆ, ಬೆಟ್ಟದ ಮೇಲೆ ಅದರ ಒತ್ತಡ ಕಡಿಮೆ ಎಂಬುದನ್ನು ಪರೀಕ್ಷಿಸಬೇಕೆಂದು ಅವರಿಗೆ ಅನಿಸಿತು. ಆರೋಗ್ಯ ಸರಿಯಿರಲಿಲ್ಲ. ಹಾಗಾಗಿ 1648ರ ಸೆಪ್ಟೆಂಬರ್ 19ರಂದು ಭಾವ ಪೆರಿಯೆ ಪಾದರಸದ ಕೊಳವೆ ಹೊತ್ತು ಪ್ಯೂಯಿ ದ ಡೋಮ್ ಬೆಟ್ಟ ಹತ್ತಿದರು. ಮೇಲೆ ಪಾದರಸ ಇಳಿಯಿತು. ಇನ್ನೊಂದು ಕೊಳವೆಯನ್ನು ಬೆಟ್ಟದ ಬುಡದಲ್ಲೇ ಇಟ್ಟು ದಿನವಿಡೀ ಒಬ್ಬರು ಕಾದು ನೋಡಿದರು. ಅದು ಬದಲಾಗಲಿಲ್ಲ. ಆದ್ದರಿಂದ ವ್ಯತ್ಯಾಸಕ್ಕೆ ಎತ್ತರವೇ ಕಾರಣ ಎಂದು ಗೊತ್ತಾಯಿತು. ಒಂದೇ ಒಂದು ಸಂಗತಿಯನ್ನು ಬದಲಿಸಿ ಹೋಲಿಸುವ ಈ ಕ್ರಮವನ್ನು ನೆನಪಿಡಿ.

1662ರಲ್ಲಿ ಪ್ಯಾರಿಸ್‌ನಲ್ಲಿ ನಿಗದಿತ ಮಾರ್ಗ, ನಿಗದಿತ ದರದ ಕುದುರೆ ಗಾಡಿಗಳ ಸೇವೆ ಆರಂಭಿಸಿದವರಲ್ಲೂ ಪ್ಯಾಸ್ಕಲ್ ಇದ್ದರು. ಅದೇ ವರ್ಷದ ಆಗಸ್ಟ್ 19ರಂದು, ಕೇವಲ 39ನೇ ವಯಸ್ಸಿಗೆ ತೀರಿಕೊಂಡರು. ದ್ರವಗಳ ಒತ್ತಡದ ಬಗ್ಗೆ ಅವರು ಬರೆದದ್ದು ಮರುವರ್ಷ, 1663ರಲ್ಲಿ ಅಚ್ಚಾಯಿತು.

ಬೈಕಿಗೂ ಅವರಿಗೂ ಏನು ನಂಟು?

ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದೇ ಪ್ಯಾಸ್ಕಲ್ ನಿಯಮ. ಲಿವರ್ ಪಕ್ಕದ ಪಿಸ್ಟನ್ 1 ಚದರ ಸೆಂಟಿಮೀಟರ್, ಚಕ್ರದ ಬಳಿಯದ್ದು 4 ಚದರ ಸೆಂಟಿಮೀಟರ್ ಇದ್ದರೆ ಬಲ ನಾಲ್ಕು ಪಟ್ಟು. ಈ ಲೆಕ್ಕದಲ್ಲಿ ಹೋಸ್ ಯಾವುದರದ್ದು ಎಂಬ ಪ್ರಶ್ನೆಯೇ ಬರುವುದಿಲ್ಲ.

ಹಾಗಾದರೆ ಸ್ಟೀಲ್ ಹೋಸ್ ವ್ಯರ್ಥವೇ? ಅಲ್ಲ. ಒತ್ತಡ ಬಿದ್ದಾಗ ರಬ್ಬರ್ ಹೋಸ್ ತುಸು ಉಬ್ಬುತ್ತದೆ, ಹಳೆಯದಾದರೆ ಇನ್ನೂ ಹೆಚ್ಚು. ನೀವು ಹಿಡಿದ ಲಿವರಿನ ಸ್ವಲ್ಪ ಚಲನೆ ಆ ಉಬ್ಬಿಗೇ ಹೋಗುತ್ತದೆ. ಸ್ಟೀಲ್ ಹೋಸ್‌ನ ಒಳಗೆ ಟೆಫ್ಲಾನ್ ಕೊಳವೆ, ಹೊರಗೆ ತಂತಿಯ ಹೆಣಿಗೆ ಇರುವುದರಿಂದ ಅದು ಅಷ್ಟು ಉಬ್ಬದು. ಲಿವರ್ ಗಟ್ಟಿಯಾಗುತ್ತದೆ, ಬ್ರೇಕ್ ಹದವಾಗಿ ಹಿಡಿಯಲು ಸುಲಭ.

ಆದರೆ ಹೋಸ್ ಬದಲಿಸುವಾಗ ಬ್ರೇಕ್ ಆಯಿಲ್ ಕೂಡ ಹೊಸದಾಗುತ್ತದೆ, ಒಳಗಿನ ಗಾಳಿ ಹೊರಹೋಗುತ್ತದೆ, ಕೆಲವರು ಪ್ಯಾಡನ್ನೂ ಬದಲಿಸುತ್ತಾರೆ. ಹೆಸರು ಮಾತ್ರ ಸ್ಟೀಲಿಗೆ! ಬೆಟ್ಟದ ಬುಡದ ಕೊಳವೆಯಂಥ ಹೋಲಿಕೆ ಇಲ್ಲಿ ಇಲ್ಲ.

ನಾವು ಹೇಳುವುದಿಷ್ಟು

ಅರ್ಧ ದೂರಕ್ಕೆ ನಿಲ್ಲುತ್ತದೆ ಎಂಬುದು ಸುಳ್ಳು. ಲಿವರ್ ಗಟ್ಟಿಯಾಗುತ್ತದೆ ಎಂಬುದು ನಿಜ. ಚಕ್ರ ಲಾಕ್ ಆಗುವಷ್ಟು ಬ್ರೇಕ್ ಈಗಾಗಲೇ ಹಿಡಿಯುತ್ತಿದ್ದರೆ, ಮುಂದಿನದೆಲ್ಲ ಟೈರ್ ಮತ್ತು ರಸ್ತೆಯ ಹಿಡಿತದ ಮೇಲೆ ನಿಂತಿದೆ. ಹೋಸ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಎಬಿಎಸ್ ಇರುವ ಬೈಕಾದರೆ ಅದರ ಕೆಲಸ ಬಲ್ಲ ಮೆಕ್ಯಾನಿಕ್ ಕೈಗೇ ಕೊಡಿ. ಖರ್ಚು ಮಾಡುವ ಮೊದಲು ಟೈರ್, ಪ್ಯಾಡ್, ಬ್ರೇಕ್ ಆಯಿಲ್ ನೋಡಿಸಿ. ಹೋಸ್ ಯಾವುದೇ ಇರಲಿ, ಮುಂದಿನ ವಾಹನದಿಂದ ಅಂತರ ಬಿಡಿ.