ಕೂಲಿಯೂ ಅವರದೇ, ಸೂರೂ ಅವರದೇ

ಕಮಲಾದೇವಿ ಚಟ್ಟೋಪಾಧ್ಯಾಯ ಎಂದೊಡನೆ ನೆನಪಾಗುವುದು ಉಪ್ಪಿನ ಸತ್ಯಾಗ್ರಹ, ಕರಕುಶಲ ಕಲೆ, ರಂಗಭೂಮಿ. ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನ್ನನ್ನು ಸೆಳೆದದ್ದು ಫರೀದಾಬಾದ್‌ನ ಮನೆಗಳು.

1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಬಾಲ್ಯದಲ್ಲೇ ವಿಧವೆಯಾದರು. ಆದರೂ ಓದಿದರು, ಮರುಮದುವೆಯಾದರು, ನಟಿಸಿದರು, ಸ್ವಾತಂತ್ರ್ಯಕ್ಕಾಗಿ ಜೈಲು ಸೇರಿದರು.

ದೇಶ ವಿಭಜನೆಯಾದಾಗ ವಾಯವ್ಯ ಗಡಿ ಪ್ರಾಂತ್ಯದಿಂದ ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಓಡಿಬಂದರು. 1948ರಲ್ಲಿ ಕಮಲಾದೇವಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪಿಸಿದರು. ದೆಹಲಿ ಸಮೀಪದ ಫರೀದಾಬಾದ್‌ನಲ್ಲಿ ಈ ನಿರಾಶ್ರಿತರಿಗೆ ಹೊಸ ಪಟ್ಟಣ ಕಟ್ಟುವಾಗ, ಕೆಲಸ ಗುತ್ತಿಗೆದಾರರ ಪಾಲಾಗದೆ ನಿರಾಶ್ರಿತರ ಸಹಕಾರ ಸಂಘಗಳಿಗೇ ಸಿಗಲೆಂದು ಅವರ ಸಂಸ್ಥೆ ದುಡಿಯಿತು. ಕರಣೆ ಹಿಡಿದು ಗೊತ್ತಿಲ್ಲದವರೂ ಗಾರೆ ಕೆಲಸ ಕಲಿತರು. ಕೂಲಿ ಅವರ ಕೈಗೇ ಬಂತು, ಸೂರೂ ಅವರದೇ ಆಯಿತು. ಮುಂದೆ ಅಧಿಕಾರಿಗಳ ಹಿಡಿತ ಬಿಗಿಯಾಗಿ ಆ ಸಹಕಾರ ಸಂಘಗಳು ಸೊರಗಿದವು. ಮನೆಗಳು ಮಾತ್ರ ನಿಂತವು.

ಸೂರಿನ ಜೊತೆಗೆ ದುಡಿಮೆಯೂ ಬೇಕೆಂಬುದನ್ನು ಅವರು ಮರೆಯಲಿಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ, ನೇಕಾರ, ಕುಂಬಾರರಂಥ ಕಸುಬುದಾರರಿಗೆ ಮಾರುಕಟ್ಟೆ ಕಟ್ಟಿಕೊಟ್ಟರು. 1988ರಲ್ಲಿ ತೀರಿಕೊಂಡರು.

ತರಗತಿಯಲ್ಲಿ ನಾವು ಎಸ್ಟಿಮೇಟ್ ಹಾಕುವಾಗ ಸಿಮೆಂಟ್, ಕಬ್ಬಿಣ, ಕೂಲಿ ಎಲ್ಲಕ್ಕೂ ಲೆಕ್ಕವಿದೆ. ಕೂಲಿಯವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದಕ್ಕಿಲ್ಲ. ಅಪಾರ್ಟ್‌ಮೆಂಟ್ ಕಟ್ಟುವವರು ಅದರ ಪಕ್ಕದ ತಗಡಿನ ಶೆಡ್ಡಿನಲ್ಲೇ ಇರುತ್ತಾರೆ. ಗೆಳೆಯರೇ, ಕೆಲಸ ಹುಡುಕಿ ಊರು ಬಿಡುವ ನಮಗೂ ಎದುರಾಗುವ ಮೊದಲ ಪ್ರಶ್ನೆ ಬಾಡಿಗೆಯೇ. ನಾಳೆ ನಕ್ಷೆ ಬರೆಯುವವರು ನಾವು. ಆ ಲೆಕ್ಕವನ್ನೂ ನಾವೇ ಸೇರಿಸಬೇಕು.