ಮಾದಳ, ಬೇಲ ಮತ್ತು ಮಹಾವೀರಾಚಾರ್ಯರು

ಮಹಾವೀರ ಅಂದಕೂಡಲೆ ತೀರ್ಥಂಕರರ ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಗಣಿತದ ಮಹಾವೀರಾಚಾರ್ಯರ ವಿಷಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ ಆಳುತ್ತಿದ್ದ ಕಾಲದವರು. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಜೈನರು. ಗ್ರಂಥದ ಮೊದಲಲ್ಲಿ ಜಿನನಿಗೆ ನಮಸ್ಕಾರ, ರಾಜನ ಹೊಗಳಿಕೆ, ಆಮೇಲೆ ಗಣಿತದ ಹೊಗಳಿಕೆ. ಅಡುಗೆಗೂ ಲೆಕ್ಕ ಬೇಕಂತೆ! ತಮ್ಮ ಊರು, ತಾಯಿತಂದೆ ಬಗ್ಗೆ ಮಾತ್ರ ಒಂದಕ್ಷರ ಇಲ್ಲ.

ಪಕ್ಕದ ಖೋಲಿಯ ಎಂಟನೇ ಈಯತ್ತೆ ಹುಡುಗನಿಗೆ ಎಕ್ಸ್, ವೈ ಸಮೀಕರಣ ಹೇಳಿಕೊಡಲು ಹೋಗಿ ಎರಡು ಸಂಜೆ ಸೋತಿದ್ದೆ. ರೇಗಿಯೂ ಬಿಟ್ಟೆ, ಅವನು ಪುಸ್ತಕ ಮುಚ್ಚಿ ಎದ್ದುಹೋದ. ಸೋಮವಾರ ಪರೀಕ್ಷೆ. ಮೂರನೇ ಸಂಜೆ ಕರೆದು ಕೂರಿಸಿ ಆಚಾರ್ಯರ ಲೆಕ್ಕ ಕೊಟ್ಟೆ. 9 ಮಾದಳ, 7 ಬೇಲದ ಹಣ್ಣಿಗೆ ಒಟ್ಟು ಕ್ರಯ 107. 7 ಮಾದಳ, 9 ಬೇಲಕ್ಕೆ 101. ಒಂದೊಂದಕ್ಕೆ ಎಷ್ಟು? ಬೇಲ ಅಂದರೆ ಮರಾಠಿಯ ಕವಠ ಅಂದಮೇಲೆ ಅವನ ಮುಖ ಅರಳಿತು.

ಆಚಾರ್ಯರ ಸೂತ್ರ ಹೀಗೆ: 9ನ್ನು 107ರಿಂದ, 7ನ್ನು 101ರಿಂದ ಗುಣಿಸಿ ಕಳೆದರೆ 256; ಅದನ್ನು 81ರಲ್ಲಿ 49 ಕಳೆದ 32ರಿಂದ ಭಾಗಿಸು, ಮಾದಳಕ್ಕೆ 8. ನಾನು ಅದನ್ನು ಬರೆಯುವಷ್ಟರಲ್ಲಿ ಹುಡುಗ ಎರಡೂ ಸಾಲು ಕೂಡಿಸಿದ್ದ. 16 ಜೊತೆಗೆ 208, ಅಂದರೆ ಜೊತೆಗೆ 13. ಕಳೆದರೆ ಎರಡು ಮಾದಳ ಎರಡು ಬೇಲಕ್ಕಿಂತ 6 ಹೆಚ್ಚು, ಒಂದು 3 ಹೆಚ್ಚು. ಮಾದಳ 8, ಬೇಲ 5!

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು. ಹುಡುಗನಿಗೆ ಅದೆಲ್ಲ ಬೇಡ. ಇನ್ನೊಂದು ಹಣ್ಣಿನ ಲೆಕ್ಕ ಕೊಡು ಅಂತ ಕೂತಿದ್ದ.