ಪಂಡಿತ ಭಾತಖಂಡೆಯವರೂ ಉಸ್ತಾದರ ಚೀಜುಗಳೂ

ರಾಗವೊಂದು ಯಾವ ಥಾಟಿಗೆ ಸೇರಿದ್ದೆಂದು ಪರೀಕ್ಷೆಯಲ್ಲಿ ಬರೆಯುವ ಹಿಂದೂಸ್ತಾನಿ ಸಂಗೀತದ ವಿದ್ಯಾರ್ಥಿಗಳೆಲ್ಲರೂ ವಿಷ್ಣು ನಾರಾಯಣ ಭಾತಖಂಡೆಯವರ ಋಣಿಗಳೇ ಸರಿ. ಆ ಮಹನೀಯರ ಬಾಳಿನಲ್ಲಿ ಒಂದು ಧರ್ಮಸೂಕ್ಷ್ಮವೂ ಅಡಗಿದೆ. ಒಬ್ಬರ ಕಂಠದಲ್ಲಿರುವ ಹಾಡನ್ನು ಎಲ್ಲರ ಕೈಗೆ ಹಂಚುವುದು ಉಪಕಾರವೋ, ಅಪಹಾರವೋ ಎಂಬುದೇ ಅದು.

ಭಾತಖಂಡೆಯವರು 1860ರ ಆಗಸ್ಟ್ 10ರಂದು ಮುಂಬಯಿಯ ವಾಲುಕೇಶ್ವರದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಸಿತಾರ ಕಲಿತರು. 1885ರಲ್ಲಿ ಬಿ.ಎ., 1887ರಲ್ಲಿ ಕಾನೂನು ಪದವಿ ಪಡೆದು, ಕೆಲಕಾಲ ಕರಾಚಿಯಲ್ಲಿಯೂ ಬಳಿಕ ಮುಂಬಯಿಯಲ್ಲಿಯೂ ವಕೀಲಿ ನಡೆಸಿದರು. ಆದರೆ ಮನಸ್ಸು ಗಾಯನ ಉತ್ತೇಜಕ ಮಂಡಳಿಯಲ್ಲಿತ್ತು; ಅಲ್ಲಿ ಅವರು ನೂರಾರು ದ್ರುಪದಗಳನ್ನೂ ಖ್ಯಾಲುಗಳನ್ನೂ ಕಲಿತರು. ಹೆಂಡತಿಯನ್ನೂ ಮಗಳನ್ನೂ ಮೃತ್ಯುವಿಗೆ ಒಪ್ಪಿಸಿದ ಮೇಲೆ ಅವರಿಗೆ ಸಂಗೀತವೇ ಸಂಸಾರವಾಯಿತು.

ಆ ಕಾಲದ ಉಸ್ತಾದರಿಗೆ ಚೀಜುಗಳೇ ಹೊಲಮನೆ. ತಂದೆಯಿಂದ ಮಗನಿಗೆ, ಗುರುವಿನಿಂದ ನೆಚ್ಚಿನ ಶಿಷ್ಯನಿಗೆ ಮಾತ್ರ ಅವು ಸಲ್ಲುತ್ತಿದ್ದುವು. ಕೆಲವು ತಬಲಾ ಮನೆತನಗಳಲ್ಲಿ ಮಗಳ ಮದುವೆಗೆ ಗತ್ತುಗಳನ್ನೇ ಬಳುವಳಿಯಾಗಿ ಕೊಡುತ್ತಿದ್ದರೆಂದು ಹೇಳುವುದುಂಟು. ಹೊರಗಿನವನೊಬ್ಬನು ಬಂದು ಅವನ್ನು ಬರೆದುಕೊಂಡು ಹೋದರೆ ಆ ಮನೆಗೆ ಉಳಿಯುವುದೇನು?

ಭಾತಖಂಡೆಯವರು ಹೊರಟದ್ದು ಈ ಭಂಡಾರವನ್ನೇ ಅರಸಿ. 1904ರಲ್ಲಿ ದಕ್ಷಿಣಕ್ಕೆ ಬಂದಾಗ ಎಟ್ಟಯಾಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡರು. ದೀಕ್ಷಿತರು ತಮ್ಮ ಮನೆತನದ ಕೃತಿಗಳನ್ನು ಸ್ವರಸಹಿತವಾಗಿ ಅಚ್ಚು ಹಾಕಿಸಿದ್ದು ಅದೇ ವರ್ಷ. ಅಲ್ಲಿ ಒಡೆಯರೇ ಪೆಟ್ಟಿಗೆಯನ್ನು ತೆರೆದಿದ್ದರು. ಉತ್ತರದಲ್ಲಿ ಹಾಗಿರಲಿಲ್ಲ. ಜಯಪುರದ ಮಹಮ್ಮದ್ ಅಲೀಖಾನರ ಮಕ್ಕಳಿಂದ ಬಹಳಷ್ಟು ಚೀಜುಗಳನ್ನು ಹಾಡಿಸಿ ಫೋನೋಗ್ರಾಫಿನಲ್ಲಿ ಹಿಡಿದರು. ತಂದೆಗೆ ಇದು ತಿಳಿದಾಗ ಮೊದಲು ಸಿಟ್ಟು ಬಂದಿತೆಂದೂ, ಕಡೆಗೆ ಒಪ್ಪಿದರೆಂದೂ ಹೇಳುತ್ತಾರೆ. ರಾಮಪುರದಲ್ಲಿಯಾದರೋ ಅವರು ಶಿಷ್ಯರಾಗಿಯೇ ವಿದ್ಯೆಯನ್ನು ಬೇಡಿದರು.

ಹೀಗೆ ಕೂಡಿಸಿದ 1800ಕ್ಕೂ ಹೆಚ್ಚು ಚೀಜುಗಳು ಸ್ವರಲಿಪಿಯೊಡನೆ ಕ್ರಮಿಕ ಪುಸ್ತಕ ಮಾಲಿಕೆಯ ಆರು ಭಾಗಗಳಲ್ಲಿ ಬೆಳಕು ಕಂಡುವು. ಹತ್ತು ವರ್ಷ ಗುರುವಿನ ಮನೆಯಲ್ಲಿ ನೀರು ಹೊತ್ತರೂ ದೊರೆಯದಿದ್ದುದು ಈಗ ಪುಸ್ತಕದ ಬೆಲೆಗೆ ದೊರೆಯಿತು. ಕಾನೂನು ಉಸ್ತಾದರ ನೆರವಿಗೆ ಬರುವಂತಿರಲಿಲ್ಲ. ಸ್ವತಂತ್ರ ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಕೂಡ ಬರೆದ ಇಲ್ಲವೆ ಅಚ್ಚಾದ ಸಂಗೀತವನ್ನು ಮಾತ್ರ ಕೃತಿಯೆಂದು ಎಣಿಸಿತು. ಆ ನಿಬಂಧನೆ ತೊಲಗಿದ್ದು 1994ರ ತಿದ್ದುಪಡಿಯಿಂದ.

ಹಾಗಾದರೆ ಭಾತಖಂಡೆಯವರು ತಪ್ಪಿತಸ್ಥರೆ? ಅವರು ತಮಗಾಗಿ ಬಚ್ಚಿಟ್ಟುಕೊಂಡದ್ದು ಏನೂ ಇಲ್ಲ. ಶಾಸ್ತ್ರಗ್ರಂಥಗಳಿಗೆ ತಮ್ಮ ಹೆಸರನ್ನು ಹಾಕದೆ, ಚತುರ ಪಂಡಿತ, ವಿಷ್ಣುಶರ್ಮ ಎಂಬ ಮರೆಹೆಸರುಗಳನ್ನಿಟ್ಟರು. 1916ರಲ್ಲಿ ಬರೋಡೆಯಲ್ಲಿ ಅಖಿಲ ಭಾರತ ಸಂಗೀತ ಪರಿಷತ್ತನ್ನು ಕೂಡಿಸಿದರು. 1926ರಲ್ಲಿ ಲಖನೌ ನಗರದಲ್ಲಿ ಸಂಗೀತ ಕಾಲೇಜು ತೆರೆದಾಗ ತಬಲಾ ಉಸ್ತಾದ್ ಆಬಿದ್ ಹುಸೇನ್ ಖಾನರಂಥವರು ಅಲ್ಲಿ ಅಧ್ಯಾಪಕರಾದರು. ಮನೆಯ ಗುಟ್ಟು ಬಯಲಾಯಿತು ನಿಜ, ಆದರೆ ಗುಟ್ಟನ್ನು ಬಲ್ಲವರಿಗೆ ಪಾಠಶಾಲೆಯ ಬಾಗಿಲೂ ತೆರೆಯಿತು.

ಆದರೂ ಒಂದು ಬಾಕಿ ಉಳಿದೇ ಇದೆ. ಸದಾರಂಗನ ಹೆಸರು ಅವನು ಕಟ್ಟಿದ ಹಾಡಿನೊಳಗೇ ಮುದ್ರೆಯಾಗಿ ಕುಳಿತಿದೆ. ಯಾರೂ ಅದನ್ನು ಅಳಿಸಲಾರರು. ಆ ಹಾಡನ್ನು ಎದೆಯಲ್ಲಿಟ್ಟುಕೊಂಡು ತಲೆತಲಾಂತರಗಳಿಂದ ಕಾಪಾಡಿದ ಗಾಯಕರಿಗೆ ಅಂಥ ಮುದ್ರೆಯಿಲ್ಲ. ಕಾನೂನಿಗೆ ಸಿಕ್ಕದ ಈ ಋಣವು ಧರ್ಮಕ್ಕೆ ಸಿಕ್ಕುತ್ತದೆ.

ಭಾತಖಂಡೆಯವರು 1936ರ ಸೆಪ್ಟೆಂಬರ್ 19ರಂದು ಕಾಲವಾದರು. ಅವರು ಒಂದು ಚೀಜಿಗಾಗಿ ಊರೂರು ಅಲೆದರು; ನಾವು ಫೋನನ್ನು ಮುಟ್ಟಿದ ಮಾತ್ರಕ್ಕೆ ಸಂಗೀತಗಾರನ ಇಡೀ ಕಚೇರಿ ಗೆಳೆಯನ ಕೈ ಸೇರುತ್ತದೆ. ಅವರು ಹಂಚಿದ್ದು ನಶಿಸುತ್ತಿದ್ದ ವಿದ್ಯೆ ಉಳಿಯಲೆಂದು. ನಾವು ಹಂಚುವುದು ಬಹುಮಟ್ಟಿಗೆ ಕಾಸು ಉಳಿಯಲೆಂದು. ಹಾಡಿದವನ ಹೆಸರನ್ನು ಹೇಳಿ, ಅವನ ಒಪ್ಪಿಗೆಯನ್ನು ಕೇಳಿ, ಅವನ ಅನ್ನದ ಪಾಲನ್ನು ಅವನಿಗೆ ಮುಟ್ಟಿಸಿ ಹಂಚಿದರೆ ಅದು ವಿದ್ಯಾದಾನ. ಇಲ್ಲವಾದರೆ ಅದಕ್ಕೆ ಬೇರೆ ಹೆಸರಿದೆ. ಅದನ್ನು ನಾವೆಲ್ಲರೂ ಬಲ್ಲೆವು.